ಅಕ್ಕನ ಕೈಯಲ್ಲಿ ನಡೆಯದ ಮೌಸು

ನನ್ನ ಅಂಗಡಿಗೆ ನೀವು ಯಾವಾಗಲಾದರೂ ಬಂದರೆ, ದೇವರ ಫೋಟೋದ ಪಕ್ಕದ ಮೊಳೆಗೆ ಕಂಪ್ಯೂಟರಿನ ಮೌಸೊಂದು ತನ್ನ ವೈರಿನ ಸಮೇತ ನೇತಾಡುತ್ತಿರುವುದು ಕಾಣುತ್ತದೆ. ಝೆರಾಕ್ಸ್ ಮಾಡಿಸಲು ಬಂದವರು ಅದನ್ನು ನೋಡಿ, "ಯಾಕ್ರೀ ಈರಣ್ಣಾರ, ಕೆಟ್ಟೈತೇನು?" ಎಂದು ಕೇಳುತ್ತಾರೆ. ಕೆಟ್ಟಿಲ್ಲ. ಅದು ಎಂದೂ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾಲ್ಕು ಜನರ ಮುಂದೆ ಸಾರಿದವನು ನಾನು. ಅದಕ್ಕೇ ತೂಗು ಹಾಕಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿ, ದೇವರಿಗೆ ಕೈಮುಗಿದು, ಅದರ ಕಡೆಗೂ ಒಮ್ಮೆ ನೋಡಿಯೇ ಕೆಲಸಕ್ಕೆ ಕೂರುತ್ತೇನೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಮಶೀನು, ಎಲ್ಲದರ ಮೇಲೂ ಸಣ್ಣಗೆ ಕೂತ ಹತ್ತಿಯ ಧೂಳು. ಲಗ್ನಪತ್ರಿಕೆ, ಅರ್ಜಿ, ಮಕ್ಕಳ ಜವಳದ ಕಾರ್ಡು ಮಾಡಿಕೊಡುತ್ತೇನೆ. ಜೊತೆಗೆ ಮಂದಿಯ ಕೆಟ್ಟ ಕಂಪ್ಯೂಟರುಗಳನ್ನೂ ನೋಡುತ್ತೇನೆ. ಈ ವಿದ್ಯೆಯನ್ನು ನಾನು ಎಲ್ಲಿಯೂ ಹೋಗಿ ಕಲಿತವನಲ್ಲ, ಕೆಡಿಸುತ್ತ ಕೆಡಿಸುತ್ತ ಬಂದದ್ದು. ಆದರೆ ಭಾಷಣಕ್ಕೇನೂ ಕೊರತೆಯಿಲ್ಲ. ಪೆನ್‌ಡ್ರೈವು, ಮೌಸು ಸಿಕ್ಕಿಸುವ ಕಿಂಡಿ ಇರುತ್ತದಲ್ಲ, ಪೋರ್ಟು ಅಂತ, ಅದರೊಳಗಿಂದ ನಾನು ಏನೇನು ಹೊರತೆಗೆದಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಶೇಂಗಾ ಸಿಪ್ಪೆ, ಅಡಿಕೆ ಚೂರು, ಒಮ್ಮೆ ಜಿರಳೆಯ ಮರಿ. ಪ್ರತಿ ಸಲವೂ ಬ್ಯಾಟರಿಯ ಬೆಳಕು ಬಿಟ್ಟು ಒಳಗೆ ಇಣುಕಿ, "ಇದು ಕಣ್ಣು ಇದ್ದಂಗರೀ. ನಿಮ್ಮ ಕಣ್ಣಾಗ ನೀವ ಕಡ್ಡಿ ಹಾಕ್ಕೋತೀರೇನು?" ಎಂದು ಗದರಿಸುತ್ತಿದ್ದೆ. ಹೊಸ ಮೌಸು ಬೇಕೆಂದು ಬಂದವರಿಗೆ, "ಮದಲ ಬ್ಯಾರೆ ಪೋರ್ಟಿಗೆ ಹಾಕಿ ನೋಡೀರೇನು?" ಎಂದು ಕೇಳದೆ ಒಂದು ಮೌಸನ್ನೂ ಮಾರಿದವನಲ್ಲ ನಾನು. ಈ ಎರಡು ಮಾತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ನನ್ನ ಅಕ್ಕ ಗಂಗವ್ವ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದಾರೆ. ಅಲ್ಲಿಯ ಪಂಚಾಯಿತಿ ಗ್ರಂಥಾಲಯವನ್ನು ಎಷ್ಟೋ ವರ್ಷದಿಂದ ಅವಳೇ ನೋಡಿಕೊಳ್ಳುವುದು. ಒಂದು ಕೋಣೆ, ಐದು ಕಪಾಟು, ಎರಡು ಬೆಂಚು. ಅದರ ಕೀಲಿಕೈ ಸದಾ ಅವಳ ಸೊಂಟದಲ್ಲಿ. ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೆಯ ಅಂತಸ್ತಿನಲ್ಲಿದೆ, ಯಾರ ಮನೆಯಲ್ಲಿ ಎಷ್ಟು ತಿಂಗಳಿಂದ ಕೂತಿದೆ ಎಂಬುದೆಲ್ಲ ಅವಳ ತಲೆಯಲ್ಲಿದೆ. ಒಂದು ಸಲ ನಾನು ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದೆ. ಕೇಳಿದ ಪುಸ್ತಕವನ್ನು ತಡಕಿ ತೆಗೆದು ನನ್ನ ತಲೆಗೇ ಮೊಟಕಿದಳು.

ಹೀಗಿರುವಾಗ ಮೇಲಿನಿಂದ ಒಂದು ಕಾಗದ ಬಂತು. ಗ್ರಂಥಾಲಯ ನೋಡಿಕೊಳ್ಳುವವರೆಲ್ಲ ನವಲಗುಂದಕ್ಕೆ ಬಂದು ಕಂಪ್ಯೂಟರ್ ಪರೀಕ್ಷೆ ಕೊಡಬೇಕು. ಹತ್ತು ಪುಸ್ತಕಗಳ ಹೆಸರು ಸೇರಿಸಬೇಕು, ಕೇಳಿದ್ದನ್ನು ಹುಡುಕಬೇಕು, ಪಟ್ಟಿ ತೆಗೆದು ತೋರಿಸಬೇಕು. ಆಗದಿದ್ದವರು ಕೀಲಿಯನ್ನು ಬೇರೆಯವರಿಗೆ ಒಪ್ಪಿಸಬೇಕು. ಅಕ್ಕನ ನಿವೃತ್ತಿಗೆ ಇನ್ನು ಮೂರೇ ವರ್ಷ. ಅವಳ ಗ್ರಂಥಾಲಯಕ್ಕೂ ಒಂದು ಕಂಪ್ಯೂಟರು ಬಂದಿತ್ತು, ಇಲ್ಲವೆನ್ನುವಂತಿಲ್ಲ. ಬಂದ ದಿನವೇ ಅಕ್ಕ ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಅದಕ್ಕೊಂದು ಚೆಂದದ ಗವಸು ಹೊಲಿದು ಹೊದಿಸಿದ್ದಳು. ಆಮೇಲೆ ಆ ಗವಸನ್ನು ತೆಗೆದಿರಲಿಲ್ಲ.

ಕಾಗದ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ತಮ್ಮಾ, ಕಲಿಸ್ತೀಯೇನೋ?" ಎಂದಳು. ನನ್ನ ಅಕ್ಕ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ನನಗೆ ಹಿಗ್ಗೋ ಹಿಗ್ಗು. "ನಾಕ ಸೋಮವಾರ ಬಾ. ಅಗದಿ ಸುಲಭ ಐತಿ" ಎಂದೆ. ಸೋಮವಾರ ಅವಳ ಗ್ರಂಥಾಲಯಕ್ಕೆ ರಜೆ.

ಮೊದಲ ಸೋಮವಾರ ಬಲಗೈಯಲ್ಲಿ ಮೌಸು ಹಿಡಿದಳು. ಬಿಸಿ ಹಂಚು ಮುಟ್ಟಿದಂತೆ ಹಿಡಿಯುವುದು, ಬಿಡುವುದು. ಪರದೆಯ ಮೇಲಿನ ಬಾಣ ಒಂದು ಮೂಲೆಗೆ ಹೋಗಿ ಅವಿತುಕೊಂಡುಬಿಟ್ಟಿತು. ಎರಡನೆಯ ಸೋಮವಾರ ತಗ್ಗಿದ ದನಿಯಲ್ಲಿ, "ಎಡಗೈಲೆ ಹಿಡೀಲೇನೋ?" ಎಂದು ಕೇಳಿದಳು. ಅಕ್ಕ ಎಡಗೈಯವಳು. ನಮ್ಮ ಕಡೆ ಅಂಥವರಿಗೆ ರೊಡ್ಡಿ ಎನ್ನುತ್ತಾರೆ. ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಅವ್ವ ಅವಳ ಎಡಗೈಯನ್ನು ಅರಿವೆಯಿಂದ ಕಟ್ಟಿಬಿಡುತ್ತಿದ್ದಳು. ದೀಪ ಹಚ್ಚಲು ಹೋದರೆ, "ನೀ ಸರಿ" ಎಂದು ಬಾಜುಕ್ಕೆ ಸರಿಸುತ್ತಿದ್ದಳು. ಅವ್ವ ಇಲ್ಲದಾಗ ಅಕ್ಕ ಎಡಗೈಯಿಂದ ಬಡಿದ ರೊಟ್ಟಿ ಮಾತ್ರ ಅವ್ವನ ರೊಟ್ಟಿಗಿಂತ ತೆಳ್ಳಗೆ, ದುಂಡಗೆ ಇರುತ್ತಿತ್ತು. ತಿಂದವರಿಗೆ ಅದು ಯಾವ ಕೈಯದೆಂದು ನಾವಿಬ್ಬರೂ ಹೇಳುತ್ತಿರಲಿಲ್ಲ.

"ಹಿಡಿ, ಅದಕ್ಕೇನು" ಎಂದು ದೊಡ್ಡ ಮನಸ್ಸು ಮಾಡಿದೆ. ಆದರೆ ಮೌಸಿನ ವೈರು ಹಿಂದಿನ ಪೋರ್ಟಿನಿಂದ ಪರದೆಯ ಹಿಂದೆ ಸುತ್ತಿ ಬಲಕ್ಕೆ ಬಂದಿತ್ತು, ಎಡಕ್ಕೆ ಎಟುಕುತ್ತಿರಲಿಲ್ಲ. ಕಂಪ್ಯೂಟರಿನ ಡಬ್ಬಿ ಮೇಜಿನ ಎಡಕ್ಕಿದೆ. ಅದರ ಮುಖದ ಮೇಲೆ ಎರಡು ಪೋರ್ಟುಗಳಿವೆ. ಮೇಲಿನದರಲ್ಲಿ ಯಾವಾಗಲೂ ಯಾರದೋ ಪೆನ್‌ಡ್ರೈವು ಇರುತ್ತದೆ. ಕೆಳಗಿನದು ಖಾಲಿ. ಹಿಂದಿನಿಂದ ಕಿತ್ತು ಅಲ್ಲಿಗೆ ಸಿಕ್ಕಿಸಿದೆ. ಸ್ವಲ್ಪ ಬಿಗಿ ಅನಿಸಿತು, ಒತ್ತಿದೆ. ಅಕ್ಕ ಎಡಗೈ ಇಟ್ಟಳು. ಬಾಣ ಒಂದು ಗೇಣು ಓಡಿತು. ಅವಳ ಮುಖ ಅರಳುವಷ್ಟರಲ್ಲಿ ನಿಂತುಬಿಟ್ಟಿತು.

"ಕೊಡಿಲ್ಲೆ" ಎಂದು ಕಿತ್ತು ಹಿಂದಿನ ಪೋರ್ಟಿಗೆ ಹಾಕಿ, ನನ್ನ ಬಲಗೈಯಲ್ಲಿ ಆಡಿಸಿ ತೋರಿಸಿದೆ. ಓಡಿತು. ಮತ್ತೆ ಮುಂದೆ ಹಾಕಿ ಅವಳ ಕೈಗೆ ಕೊಟ್ಟೆ. ನಿಂತಿತು. ಹೀಗೆ ಐದಾರು ಸಲ. ನನ್ನ ಕೈಯಲ್ಲಿ ಓಡುವುದು, ಅವಳ ಕೈಯಲ್ಲಿ ಸಾಯುವುದು. ಅರ್ಜಿ ಬರೆಸಲು ಬಂದ ಮಂದಿ ಸುತ್ತ ನೆರೆದು ತಮಾಷೆ ನೋಡತೊಡಗಿದರು. "ಮೌಸ್ ಕೆಟ್ಟೈತ್ರಿ" ಎಂದು ಅವರ ಮುಂದೆ ತೀರ್ಪು ಕೊಟ್ಟೆ. ಮೂರನೆಯ ಸೋಮವಾರಕ್ಕೆ ಹುಬ್ಬಳ್ಳಿಯಿಂದ ಹೊಸದನ್ನು ತರಿಸಿದೆ. ಅದೂ ಹಾಗೆಯೇ. ಅವಳ ಎಡಗೈ ತಾಗಿತೋ ಇಲ್ಲವೋ, ಬಾಣ ಗಪ್ಪನೆ ನಿಂತಿತು. ಆ ಹೊತ್ತಿಗೆ ಪ್ರಿಂಟರಿನಲ್ಲಿ ಒಬ್ಬರ ಲಗ್ನಪತ್ರಿಕೆ ಸಿಕ್ಕಿಕೊಂಡಿತ್ತು, ಹೊರಗೆ ಇಬ್ಬರು ಒದರುತ್ತಿದ್ದರು, ನನಗೆ ತಲೆ ಕೆಟ್ಟಿತ್ತು. ಬಾಯಿಯಿಂದ ಮಾತು ಹೊರಟೇಹೋಯಿತು.

"ಮೌಸಿಂದೇನೂ ತಪ್ಪಿಲ್ಲಕ್ಕಾ. ನಿನ್ನ ಕೈಗುಣನ ಮದಲಿಂದ ಹಂಗ."

ಅಕ್ಕ ಎಡಗೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು, ಅದರ ಮೇಲೆ ಸೆರಗು ಎಳೆದುಕೊಂಡಳು. ಎದ್ದು ಚೀಲ ತೆಗೆದುಕೊಂಡು, "ಬಸ್ಸಿನ ಹೊತ್ತಾತು" ಎಂದು ಹೊರಟುಹೋದಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಆ ಮಾತು ನನ್ನದಲ್ಲ. ಅದು ನಮ್ಮ ಮನೆಯ ಹಳೆಯ ಮಾತು. ಅದರ ಕಥೆ ಹೇಳದಿದ್ದರೆ ನಾನು ಎಂಥ ಮನುಷ್ಯನೆಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಎಂಟು ವರ್ಷದವನಿದ್ದಾಗ ಅಪ್ಪನದೊಂದು ರೇಡಿಯೋ ಇತ್ತು. ನಡುಮನೆಯ ಗೋಡೆಯ ಮಾಡದಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ ಕೂತಿರುತ್ತಿತ್ತು. ಸಂಜೆ ಹೊಲದಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಅಪ್ಪ ಅದರ ಮುಂದೆ ಕೂತರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಒಂದು ಮಧ್ಯಾಹ್ನ ನಾನು ಜೋಳದ ದಂಟಿನಿಂದ ಚಕ್ಕಡಿ ಮಾಡುತ್ತ ಕೂತಿದ್ದೆ. ದಂಟು ಸಿಗಿದು ಉಳಿದ ಒಂದು ಸಿಬಿರು ಕೈಯಲ್ಲಿತ್ತು. ರೇಡಿಯೋದ ಬದಿಗೆ ಒಂದು ಸಣ್ಣ ದುಂಡು ತೂತು ಕಂಡಿತು. ಎಂಟು ವರ್ಷದ ಹುಡುಗ, ಕೈಯಲ್ಲಿ ಸಿಬಿರು, ಮುಂದೆ ತೂತು. ಇನ್ನೇನಾಗುತ್ತದೆ ಹೇಳಿ. ತುರುಕಿದೆ. ಒಳಗೇ ಪಟ್ಟಂತ ಮುರಿಯಿತು. ಗುಂಡಿ ತಿರುಗಿಸಿ ನೋಡಿದರೆ ದೀಪ ಹತ್ತುತ್ತದೆ, ದನಿಯಿಲ್ಲ. ಸದ್ದಿಲ್ಲದೆ ಬಟ್ಟೆ ಹೊದಿಸಿ ಹಿತ್ತಲಿಗೆ ಓಡಿದೆ.

ಸಂಜೆ ಅಪ್ಪ, "ಗಂಗಾ, ರೇಡಿಯೋ ಹಚ್ಚವಾ" ಎಂದ. ಅಕ್ಕನ ಎಡಗೈ ತಾನಾಗಿಯೇ ಮುಂದೆ ಹೋಯಿತು. ಗುಂಡಿ ತಿರುಗಿಸಿದಳು. ದನಿ ಬರಲಿಲ್ಲ. "ಎಡಗೈ ಹಚ್ಚಬ್ಯಾಡ ಅಂತ ಎಷ್ಟ ಸಲ ಬಡ್ಕೋಬೇಕು ನಿನಗ!" ಎಂದು ಅವ್ವ ಚೀರಿದಳು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಇರ್ಲಿ ಬಿಡು. ಅಕಿ ಕೈಗುಣ" ಎಂದು ಎದ್ದು ಹೋದ. ನಾನು ಕಂಬದ ಮರೆಯಲ್ಲಿದ್ದೆ. ಬಾಯಿ ಬಿಡಲಿಲ್ಲ.

ಆ ರೇಡಿಯೋವನ್ನು ಹುಬ್ಬಳ್ಳಿಗೆ ರಿಪೇರಿಗೆ ಒಯ್ಯಬೇಕು ಎನ್ನುತ್ತ ಎನ್ನುತ್ತ ಅಪ್ಪ ಒಯ್ಯಲೇ ಇಲ್ಲ. ಅಂದಿನಿಂದ ಸಂಜೆಯಾದರೆ ನೆರೆಮನೆಯ ಕಟ್ಟೆಗೆ ಹೋಗಿ ಅವರ ರೇಡಿಯೋ ಕೇಳಿ ಬರುತ್ತಿದ್ದ. ಅವನು ಚಪ್ಪಲಿ ಮೆಟ್ಟಿ ಹೊರಟಾಗಲೆಲ್ಲ ಅಕ್ಕ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆಮೇಲೆ ಅವಳು ಯಾವ ಮಶೀನಿಗೂ ಕೈ ಹಚ್ಚಲಿಲ್ಲ. ಇವತ್ತಿಗೂ ಅವಳ ಮನೆಯಲ್ಲಿ ಮಿಕ್ಸರಿನ ಗುಂಡಿಯನ್ನು ಸೊಸೆಯೇ ತಿರುಗಿಸಬೇಕು. ಫೋನು ಬಂದರೂ ಬಲಗೈಯಲ್ಲೇ ಹಿಡಿದು, ಯಾವುದನ್ನೂ ಒತ್ತದೆ, "ನೋಡವಾ, ಒದರಾಕತ್ತೈತಿ" ಎಂದು ಸೊಸೆಯ ಕೈಗೆ ಕೊಡುತ್ತಾಳೆ. ನಾವು ಅದನ್ನು ಹೇಳಿ ಹೇಳಿ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಈ ಉದ್ಯೋಗಕ್ಕೆ ಬಂದ ಮೇಲೆ ನನಗೆ ತಿಳಿಯಿತು. ಆ ತೂತು ಕಿವಿಗೆ ಹಾಕಿಕೊಂಡು ಕೇಳುವ ವೈರಿಗೆ ಇಟ್ಟದ್ದು. ಅದರಲ್ಲಿ ಏನಾದರೂ ಸಿಕ್ಕಿದರೆ ದೊಡ್ಡ ಸ್ಪೀಕರಿನ ದನಿ ಕಟ್ಟಾಗುತ್ತದೆ. ರೇಡಿಯೋ ಕೆಟ್ಟೇ ಇರಲಿಲ್ಲ. ಒಂದು ಸೂಜಿಯಿಂದ ಸಿಬಿರು ತೆಗೆದಿದ್ದರೆ ಮುಗಿದಿತ್ತು. ಆಗಲೂ ನಾನು ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷವಾದ ಮೇಲೆ ಯಾಕೆ ಎಂದುಕೊಂಡೆ. ಹೇಳದೇ ಇರುವವರಿಗೆ ನೆವ ಸಿಗುವುದು ಕಷ್ಟವೇನಲ್ಲ.

ನಾಲ್ಕನೆಯ ಸೋಮವಾರ ಅಕ್ಕ ಬರಲಿಲ್ಲ. ಫೋನು ಮಾಡಿದರೆ ಸೊಸೆ ಎತ್ತಿ, "ಅತ್ತಿ ಪರೀಕ್ಷೆಕ್ಕ ಹೋಗೂದಿಲ್ಲಂತ್ರಿ ಮಾವಾ. ಕೀಲಿ ಕೊಟ್ಟ ಬಿಡ್ತೇನಿ ಅನ್ನಾಕತ್ತಾರ" ಎಂದಳು. ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು.

ಮರುದಿನ ನಮ್ಮ ಓಣಿಯ ಬಸಪ್ಪಕಾಕಾ ಮಗಳ ಲಗ್ನಪತ್ರಿಕೆಗೆ ಫೋಟೋ ಇರುವ ಪೆನ್‌ಡ್ರೈವು ತಂದ. ಮೇಲಿನ ಪೋರ್ಟಿನಲ್ಲಿ ಬೇರೆಯವರದಿತ್ತು. ಕೆಳಗಿನದಕ್ಕೆ ಹಾಕಿದೆ. ಏನೂ ಬರಲಿಲ್ಲ. "ಕಾಕಾ, ನಿಮ್ಮ ಪೆನ್‌ಡ್ರೈವ್ ಹೋಗೇತಿ" ಎಂದೆ ರೂಢಿಯಂತೆ.

ಕಾಕಾ ಎಲೆ ಅಡಿಕೆ ಅಗಿಯುತ್ತ, "ಮಂದಿಗೆಲ್ಲಾ ಬ್ಯಾರೆ ತೂತಿಗೆ ಹಾಕ್ರಿ ಅಂತೀಯಲ್ಲೋ. ನೀ ಹಾಕೂದಿಲ್ಲೇನು?" ಎಂದ.

ಮೇಲಿನದನ್ನು ತೆಗೆದು ಅಲ್ಲಿ ಹಾಕಿದೆ. ಮದುಮಗಳ ಫೋಟೋ ಚೆಂದವಾಗಿ ಮೂಡಿತು. ಕಾಕಾನನ್ನು ಕಳಿಸಿ, ಕಂಪ್ಯೂಟರು ಬಂದ್ ಮಾಡಿ, ಬ್ಯಾಟರಿ ಬಿಟ್ಟು ಕೆಳಗಿನ ಪೋರ್ಟಿನೊಳಗೆ ಇಣುಕಿದೆ. ಒಳಗಿನ ತೆಳ್ಳನೆಯ ನಾಲಿಗೆ ಸೀಳಿತ್ತು, ಅದರ ಮೇಲಿನ ಹಿತ್ತಾಳೆ ಬಣ್ಣದ ತಂತಿಗಳು ಸೊಟ್ಟಗಾಗಿದ್ದವು. ಅಡಿಯಲ್ಲಿ ಬೂದಿಯಂಥ ಪುಡಿ. ಚಿಮಟಿಗೆಯಿಂದ ಮೆಲ್ಲಗೆ ಹಿಡಿದೆಳೆದರೆ ಅರ್ಧ ಉಗುರಿನುದ್ದದ ಒಂದು ಬಿದಿರಿನ ಚೂರು ಬಂತು. ಮೂಗಿಗೆ ಹಿಡಿದೆ. ಊದಿನಕಡ್ಡಿ.

ನಮ್ಮ ಕಡೆಯವರಿಗೆ ಊದಿನಕಡ್ಡಿ ಹಚ್ಚುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಬಾಳೆಹಣ್ಣಿದ್ದರೆ ಅದಕ್ಕೆ ಚುಚ್ಚುತ್ತೇವೆ. ಇಲ್ಲದಿದ್ದರೆ ಗೋಡೆಯ ಬಿರುಕು, ಟ್ರ್ಯಾಕ್ಟರಿನ ನಟ್ಟಿನ ಸಂದಿ, ಬಾಗಿಲ ಚೌಕಟ್ಟಿನ ಹುಳು ತಿಂದ ತೂತು. ಕಡ್ಡಿ ಹೊತ್ತಿಸಿ ಕೈಯಲ್ಲಿ ಹಿಡಿದವನ ಕಣ್ಣು ತಾನಾಗಿಯೇ ತೂತು ಹುಡುಕುತ್ತದೆ. ಹೋದ ದಸರೆಯ ಖಂಡೆ ಪೂಜೆ, ಎಂದರೆ ಆಯುಧಪೂಜೆಯ ದಿನ ನಾನು ಅಂಗಡಿಯ ಮಶೀನುಗಳಿಗೆಲ್ಲ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿದ್ದೆ. ಪೂಜೆಗೆ ಎರಡು ಬಾಳೆಹಣ್ಣು ತಂದಿದ್ದೆ. ಹೆಂಡತಿ ಕಾಯಿ ತರುವುದು ತಡವಾಯಿತು, ನನಗೆ ಹಸಿವಾಯಿತು, ಎರಡನ್ನೂ ತಿಂದೆ. ಆಮೇಲೆ ಉರಿಯುವ ಕಡ್ಡಿ ಹಿಡಿದು ಸುತ್ತ ನೋಡಿದೆ. ಕಂಪ್ಯೂಟರಿನ ಮುಖದ ಮೇಲೆ ಎಷ್ಟು ಹದವಾದ ಕಿಂಡಿ! ಚುಚ್ಚಿದೆ. ಹೊಗೆ ಚೆಂದವಾಗಿ ಏರಿತು. ಮರುದಿನ ಕಸ ಗುಡಿಸುವಾಗ ಎಳೆದೆ, ಮೇಲಿನದು ಬಂತು, ಒಳಗಿನದು ಉಳಿಯಿತು. ಕಂಪ್ಯೂಟರಿನ ಕಣ್ಣಲ್ಲಿ ಕಡ್ಡಿ ಹಾಕಿದವನು ಊರಿಗೆಲ್ಲ ಬುದ್ಧಿ ಹೇಳುವ ಈರಣ್ಣ.

ಆ ಚೂರು ಸಿಕ್ಕ ಮರುದಿನವೇ ಶಟರ್ ಎಳೆದು ಬಸ್ಸು ಹತ್ತಿದೆ. ಕಡ್ಡಿಯ ಚೂರು ಕಾಗದದಲ್ಲಿ ಸುತ್ತಿ ಜೇಬಿನಲ್ಲಿತ್ತು. ನಾನು ಹೋದಾಗ ಓದುವವರೆಲ್ಲ ಊಟಕ್ಕೆ ಹೋಗಿದ್ದರು. ಅಕ್ಕ ಒಬ್ಬಳೇ ಕೂತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಯಾರಿಗಾದರೂ ಒಪ್ಪಿಸುವ ಮೊದಲು ಎಲ್ಲ ನೆಟ್ಟಗೆ ಇರಲಿ ಅಂತ.

ಕಾಗದ ಬಿಚ್ಚಿ ಅವಳ ಮುಂದಿಟ್ಟೆ. "ಏನೋ ಇದು?" ಎಂದಳು. ಹೇಳಿದೆ. ಬಾಳೆಹಣ್ಣಿನಿಂದ ಹಿಡಿದು ಎಲ್ಲ ಹೇಳಿದೆ. ಅಕ್ಕ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಲ್ಲಾ ತೂತು ಬಿಟ್ಟು ಅಲ್ಲೆ ಚುಚ್ಚಿದೇನೋ, ಹುಚ್ಚಪ್ಪಾ!" ಎಂದಳು. ನನಗೆ ಜೀವ ಬಂದಂತಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸುವವನೂ ಇದ್ದೆ.

ಆದರೆ ಅಕ್ಕ ನಗು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನೇ ಸಮಾಧಾನ ಮಾಡಲು ಹೊರಟಳು. "ಇರ್ಲಿ ಬಿಡು ತಮ್ಮಾ, ಮನಸಿಗೆ ಹಚ್ಕೋಬ್ಯಾಡ. ನೀ ಅಂದದ್ರಾಗ ತಪ್ಪೇನೈತಿ? ಅಪ್ಪನ ರೇಡಿಯೋ ಕೆಡಿಸಿದ ಕೈನ ಅಲ್ಲೇನಿದು" ಎಂದು ತನ್ನ ಎಡಗೈ ನೋಡಿಕೊಂಡಳು.

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಅಕ್ಕಾ, ರೇಡಿಯೋನೂ ನಾನ" ಎಂದೆ.

ದಂಟಿನ ಸಿಬಿರು, ಬದಿಯ ತೂತು, ಕಂಬದ ಮರೆ, ಎಲ್ಲವನ್ನೂ ಹೇಳಿದೆ. ಅವಳು ರಟ್ಟು ಹಾಕುವುದನ್ನು ನಿಲ್ಲಿಸಿ ಕೇಳಿದಳು.

"ಆವಾಗ ನೀ ಎಂಟು ವರ್ಷದಂವ. ಹೆದರಿದ್ದಿ. ಅದನ್ನ ನಾ ಏನೂ ಅನ್ನೂದಿಲ್ಲ" ಎಂದಳು. "ಅದರ ಆಮ್ಯಾಲೂ ಮೂವತ್ತು ವರ್ಷ ಅಪ್ಪ ಇದ್ನಲ್ಲೋ. ಒಂದ ದಿನರ ಹೇಳ್ಬೇಕಿಲ್ಲ? ಗಂಗಾನ ಕೈಲೆ ಕೆಟ್ಟಿಲ್ಲಪಾ ಅಂತ ಒಂದ ಮಾತು? ಅಪ್ಪ ನನ್ನ ಕೈ ಕೆಟ್ಟೈತಿ ಅಂತನ ತಿಳಕೊಂಡ ಹ್ವಾದ."

ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಆಡಿದ ಮೇಲೆ ಗೊತ್ತಾಯಿತು. ಐವತ್ತು ದಾಟಿದ ಗಂಡಸು ನಾನು, ಅಕ್ಕನ ಮುಂದೆ ಬೆಂಚಿನ ಮೇಲೆ ಕೂತು ಅತ್ತೆ. ಅವಳೂ ಅತ್ತಳು. ಈ ಸಲ ನನ್ನನ್ನು ಸಮಾಧಾನ ಮಾಡಲಿಲ್ಲ.

ಆಮೇಲೆ ಮುಖ ಒರೆಸಿಕೊಂಡು ಎದ್ದಳು. ಮೂಲೆಯ ಕಂಪ್ಯೂಟರಿನ ಹತ್ತಿರ ಹೋಗಿ ಗವಸು ತೆಗೆದು, ನಾಲ್ಕು ಮಡಿಕೆ ಮಾಡಿ ಕಪಾಟಿನ ಮೇಲಿಟ್ಟಳು. ಮೌಸಿನ ವೈರು ಬಿಚ್ಚಿಕೊಡಲೆಂದು ನಾನೂ ಎದ್ದು ಕೈ ಚಾಚಿದೆ.

"ನೀ ಮುಟ್ಟಬ್ಯಾಡ. ಅಲ್ಲೇ ಕುಂದ್ರು" ಎಂದಳು.

ಕೂತೆ. ಅವಳೇ ಪೋರ್ಟು ಹುಡುಕಿದಳು, ಬಗ್ಗಿ ಒಳಗೆ ನೋಡಿದಳು, ಬೆರಳಿನಿಂದ ಧೂಳು ಒರೆಸಿದಳು, ಮೌಸು ಸಿಕ್ಕಿಸಿದಳು. ಗುಂಡಿಯ ಹತ್ತಿರ ಬಲಗೈ ಹೋಯಿತು, ತಡೆಯಿತು, ಹಿಂದೆ ಬಂತು. ಎಡಗೈಯಿಂದ ಒತ್ತಿದಳು. ಪರದೆ ಬೆಳಗಿತು. ಮೌಸಿನ ಮೇಲೆ ಎಡಗೈ ಇಟ್ಟು ಉಸಿರು ಹಿಡಿದು ಎಳೆದಳು. ಬಾಣ ಹೊರಟಿತು. ಈ ತುದಿಯಿಂದ ಆ ತುದಿಗೆ, ಮೇಲೆ, ಕೆಳಗೆ, ನಿಲ್ಲಲೇ ಇಲ್ಲ. "ನಾ ಎತ್ತ ಎಳಿತೇನಿ ಅತ್ತ ಹೊಂಟೈತಲ್ಲೋ!" ಎಂದು ನನ್ನ ಕಡೆ ತಿರುಗದೆಯೇ ಹೇಳಿದಳು.

ಉಳಿದ ದಿನಗಳಲ್ಲಿ ದಿನಾ ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ದೂರದ ಬೆಂಚಿನ ಮೇಲೆ ಕೂತು ಬಾಯಿಂದಲೇ ಕಲಿಸಿದೆ. ನವಲಗುಂದದ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಪುಸ್ತಕ ಸೇರಿಸಿ, ಅಲ್ಲಿದ್ದ ಪಟ್ಟಿಯಲ್ಲಿ ಒಂದು ಹೆಸರು ಎರಡು ಸಲ ಬಂದಿದೆ ಎಂದು ಅವರಿಗೇ ತೋರಿಸಿ ಬಂದಳಂತೆ. ಅದನ್ನು ಹೇಳಲು ಫೋನು ಮಾಡಿದವಳು ಅವಳೇ, ಸೊಸೆಯಲ್ಲ. ಕೀಲಿ ಅವಳ ಸೊಂಟದಲ್ಲೇ ಉಳಿಯಿತು. ನನ್ನ ಅಂಗಡಿಯ ಆ ಪೋರ್ಟಿಗೆ ನಾನು ಪಟ್ಟಿ ಅಂಟಿಸಿದ್ದೇನೆ, ಹೊಸದು ಹಾಕಿಸಿಲ್ಲ.

ಈ ಸಲದ ಖಂಡೆ ಪೂಜೆಗೆ ಅಕ್ಕನನ್ನು ಕರೆದಿದ್ದೆ. "ಪೂಜಿ ನೀನ ಮಾಡಕ್ಕಾ" ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಎಡಗೈಯಿಂದ ವಿಭೂತಿ ಎಳೆದಳು, ಎಡಗೈಯಿಂದ ದೀಪ ಹಚ್ಚಿದಳು. "ನೀ ಸರಿ" ಎಂದು ಬಾಜುಕ್ಕೆ ಸರಿಸುವವರು ಯಾರೂ ಇರಲಿಲ್ಲ. ಕೊನೆಗೆ ಎರಡು ಊದಿನಕಡ್ಡಿ ಹೊತ್ತಿಸಿ, ಮಶೀನುಗಳಿಗೆಲ್ಲ ಬೆಳಗಿ, ನಿಲ್ಲಿಸಲು ಜಾಗ ನೋಡಿದಳು.

"ಬಾಳಿಹಣ್ಣು ಎಲ್ಲೈತೋ?" ಎಂದಳು.

ನಾನು ಹೆಂಡತಿಯ ಮುಖ ನೋಡಿದೆ. ಹೆಂಡತಿ ಕಸದ ಬುಟ್ಟಿಯಲ್ಲಿದ್ದ ಸಿಪ್ಪೆ ನೋಡಿದಳು.

ಅಕ್ಕ ಬೈಯಲಿಲ್ಲ. ನನ್ನ ಕೈ ಹಿಡಿದೆಳೆದು, ಬೆರಳು ಬಿಡಿಸಿ, ಉರಿಯುವ ಎರಡೂ ಕಡ್ಡಿಗಳನ್ನು ಅದರಲ್ಲಿಟ್ಟು ಮತ್ತೆ ಮಡಿಸಿದಳು.

"ತೂತು ಹುಡುಕಬ್ಯಾಡ. ಪೂರಾ ಉರಿಯೂ ತನಕ ಹಿಡ್ಕೊಂಡು ಅಪ್ಪನ ಮುಂದ ನಿಂದ್ರು" ಎಂದಳು.

ದೇವರ ಫೋಟೋದ ಕೆಳಗೆ ಅಪ್ಪನ ಫೋಟೋ ಇದೆ. ಬಿಸಿ ಬೂದಿ ಬೆರಳ ಮೇಲೆ ಉದುರುತ್ತಿತ್ತು. ಅಪ್ಪನ ಮುಖ ನೋಡುತ್ತ, ರೇಡಿಯೋ ಗಂಗಾನ ಕೈಯಿಂದ ಕೆಟ್ಟದ್ದಲ್ಲ ಎಂದು ಅಕ್ಕನಿಗೆ ಕೇಳಿಸುವಂತೆ ಹೇಳಿದೆ. ಕಡ್ಡಿ ಮುಗಿಯುವ ತನಕ ನಿಂತೇ ಇದ್ದೆ.